ರೂತ್‌ಬಾಯಿಯ ಸುದ್ದಿ

ಉಮರ್ಗಾ ಸ್ಟ್ಯಾಂಡು

ನಾನು ಅಮೆರಿಕಕ್ಕೆ ಹೊರಟಿರುವುದು ಕಿಡ್ನಿ ಆಪರೇಶನ್ನಿಗೆ ಎಂಬ ಸುದ್ದಿ ನನಗೆ ಗೊತ್ತಾದದ್ದು ಉಮರ್ಗಾ ಬಸ್‌ಸ್ಟ್ಯಾಂಡಿನಲ್ಲಿ. ನಾನೂ ಯಜಮಾನರೂ ಹೈದರಾಬಾದಿನ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಪಾನಂಗಡಿಯ ಶಿವಲಿಂಗಪ್ಪ ಅಂಗಡಿಯಿಂದ ಇಳಿದು ಬಂದು ನನ್ನ ಯಜಮಾನರ ಎರಡೂ ಕೈ ಹಿಡಿದುಕೊಂಡ.

"ಧೈರ್ಯ ಬಿಡಬ್ಯಾಡ್ರಿ ಸರ್. ಬಾಯಿ ಬರಾಬರ್ ಆಗಿ ಬರ್ತಾರ. ಅಲ್ಲಿ ಡಾಕ್ಟರ್ ಲೋಕ ಭಾಳ ಹುಷಾರ್ ಇರ್ತಾರಂತ."

"ನನಗೇನಾಗ್ಯಾದೋ ಶಿವಲಿಂಗಪ್ಪ? ನಾ ಶಾಳಾ ನೋಡ್ಲಾಕ ಹೊಂಟೀನಿ."

"ನಿಲಂಗಾ ತನಕ ಎಲ್ಲಾರಿಗಿ ಗೊತ್ತದರಿ ಬಾಯಿ. ನನ್ ಮುಂದ್ಯಾಕ ಮುಚ್ಚತೀರಿ?"

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಬಾಯಿ ಎನ್ನುತ್ತಾರೆ. ನಾನು ಮಹಾನಂದಾಬಾಯಿ. ನಮ್ಮ ಶಾಲೆಯ ಮಕ್ಕಳೂ ಅಮೆರಿಕದ ಒಂದು ಪುಟ್ಟ ಚರ್ಚ್ ಶಾಲೆಯ ಮಕ್ಕಳೂ ಕೆಲವು ವರ್ಷಗಳಿಂದ ಒಬ್ಬರಿಗೊಬ್ಬರು ಚಿತ್ರಗಳನ್ನು ಕಳಿಸುತ್ತಿದ್ದರು. ನಿಮ್ಮಲ್ಲಿಂದ ಒಬ್ಬರು ಬಂದು ನಮ್ಮ ಜೊತೆ ಇದ್ದು ಹೋಗಿ ಎಂದು ಅವರೇ ಕರೆದರು. ನಮ್ಮಲ್ಲಿ ಪಾಸ್‌ಪೋರ್ಟ್ ಇದ್ದವಳು ನಾನೊಬ್ಬಳೇ. ಅದೂ ಯಾವತ್ತೋ ದುಬೈಗೆ ಹೋಗುತ್ತೇವೆಂದು ಮಾಡಿಸಿ, ಹೋಗದೆ, ಪೆಟ್ಟಿಗೆಯಲ್ಲಿಟ್ಟದ್ದು. ಇಷ್ಟೇ ನನ್ನ ಯೋಗ್ಯತೆ.

ಶಿವಲಿಂಗಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಮ್ಮೂರುಗಳಲ್ಲಿ ಸುದ್ದಿ ಯಾರ ಸ್ವಂತದ್ದೂ ಅಲ್ಲ. ಹುಟ್ಟಿದ ಮನೆಯಲ್ಲಿ ಅದು ಒಂದು ರಾತ್ರಿಯೂ ನಿಲ್ಲುವುದಿಲ್ಲ. ಬಸ್ಸು ಬಂತು. ಬೇಗ ಗುಣವಾಗಲಿ ಎಂದು ಅವನು ಕೊಟ್ಟ ಬಾಳೆಹಣ್ಣನ್ನು ತಿನ್ನುತ್ತ ಹೋದೆ.

ಕ್ಯಾರಲ್‌ಬಾಯಿಯ ಮನೆ

ಅಮೆರಿಕದ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದರು. ಅಧಿಕಾರಿ ಒಂದು ಖಡಕ್ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ಬಡಿದು ಸಪ್ಪಳ ಕೇಳಿದ. ಊಟ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಒಂದು ತುಂಡು ಮುರಿದು ಅವನೆದುರೇ ಕರುಂಕರುಂ ತಿಂದು ತೋರಿಸಿದ ಮೇಲೆ ಬಿಟ್ಟ.

ಶಾಲೆಯ ಮುಖ್ಯಸ್ಥೆ ಕ್ಯಾರಲ್‌ಬಾಯಿ ನನ್ನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ದಪ್ಪ ಕನ್ನಡಕ, ಸಣ್ಣ ಕೂದಲು, ಅವಸರದ ನಡಿಗೆ. ಒಂಟಿ ಜೀವ. ಊರು ಎಷ್ಟು ಸಣ್ಣದೆಂದರೆ ಒಂದು ನದಿ, ನದಿಯ ಮೇಲೊಂದು ಸೇತುವೆ, ಬಿಳಿ ಬಣ್ಣದ ಕಟ್ಟಿಗೆಯ ಚರ್ಚು, ಅದರ ಬೆನ್ನಿಗೆ ಅಂಟಿಕೊಂಡ ಶಾಲೆ. ನಮ್ಮಲ್ಲಿ ಬಿಳಿಜೋಳ ಕಿತ್ತು ರಾಶಿ ಮಾಡುವ ಹೊತ್ತು ಅದು. ಅಲ್ಲಿ ಇನ್ನೂ ರಸ್ತೆಯ ಎರಡೂ ಬದಿಗೆ ಹಿಮದ ಗುಡ್ಡೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಜನ ನನ್ನ ಜೊತೆ ಆಡಿದ್ದೆಲ್ಲ ಇಂಗ್ಲಿಷೇ. ಆದರೆ ಈಗ ನೆನೆದರೆ ಅವರೆಲ್ಲ ನನ್ನ ಕಿವಿಯಲ್ಲಿ ನಮ್ಮ ಕಡೆಯ ಮಾತೇ ಆಡುತ್ತಾರೆ. ಹಾಗೇ ಬರೆಯುತ್ತೇನೆ, ನೀವು ಹೊಂದಿಸಿಕೊಳ್ಳಿ.

ಬಂದ ಮರುದಿನವೇ ಕ್ಯಾರಲ್‌ಬಾಯಿ ಒಂದು ಪಾತ್ರೆ ತುಂಬ ಸಾರು ಮಾಡಿ, ನನ್ನನ್ನೂ ಕರೆದುಕೊಂಡು ಒಂದು ಮನೆಗೆ ಹೊರಟರು. ಶಾಲೆಯ ಮಗುವೊಂದರ ತಾಯಿ ಹಡೆದಿದ್ದಳಂತೆ. ಆ ಮನೆಗೆ ದಿನಕ್ಕೊಬ್ಬರು ಅಡಿಗೆ ಮಾಡಿ ಒಯ್ಯುವುದೆಂದು ಶಾಲೆಯವರು ಪಾಳಿ ಹಚ್ಚಿಕೊಂಡಿದ್ದರು. ಕೇಳಿ ನನಗೆ ಬಹಳ ಖುಷಿಯಾಯಿತು, ಬಾಣಂತಿಯ ಮನೆ ಎಂದರೆ ಎಲ್ಲ ಕಡೆಯೂ ಒಂದೇ ಎಂದುಕೊಂಡೆ. ಬಾಗಿಲ ಮುಂದೆ ಮುಚ್ಚಳವಿದ್ದ ಒಂದು ನೀಲಿ ಡಬ್ಬಿ ಇತ್ತು. ಕ್ಯಾರಲ್‌ಬಾಯಿ ಸಾರನ್ನು ಅದರಲ್ಲಿಟ್ಟು, ಸಪ್ಪಳವಾಗದಂತೆ ಮುಚ್ಚಿ, ತಿರುಗಿ ಹೊರಟೇಬಿಟ್ಟರು.

"ಅಯ್ಯ, ಬಾಗಿಲ ಬಡಿಯೂದಿಲ್ಲೇನ್ರಿ?"

"ಮಲಕೊಂಡಿರ್ತಾಳ."

"ಕೂಸಿನ ಮಾರಿ ನೋಡದೇ ಹ್ಯಾಂಗ ಹೋಗೂದು?"

"ಆಕಿ ಕರದಾಗ ನೋಡೂದು," ಎಂದು ನನ್ನ ತೋಳು ಹಿಡಿದು ಎಳೆದುಕೊಂಡು ಬಂದರು. ಊಟ ಇಟ್ಟು ಕಳ್ಳರ ಹಾಗೆ ಓಡಿಬರುವ ಜನರನ್ನು ನಾನು ನೋಡಿದ್ದು ಅದೇ ಮೊದಲು. ದಾರಿಯುದ್ದಕ್ಕೂ ನಗು ಬರುತ್ತಿತ್ತು.

ಸುದ್ದಿಯ ಹೊತ್ತು

ಶಾಲೆ ದಿನಾ ಶುರುವಾಗುವುದು ಚರ್ಚಿನಲ್ಲಿ. ಇವರು ಎಪಿಸ್ಕೋಪಲ್ ಎಂಬ ಪಂಥದ ಕ್ರೈಸ್ತರು. ಉದಗೀರದ ನನ್ನ ತವರಿನಲ್ಲಿ ನಾನು ಕಂಡ ಪಾದ್ರಿಗಳೆಲ್ಲ ಗಂಡಸರು. ಇಲ್ಲಿ ಕೊರಳಿಗೆ ಬಿಳಿ ಪಟ್ಟಿ ಹಾಕಿಕೊಂಡು ಬಂದದ್ದು ಎತ್ತರದ ಒಬ್ಬ ಹೆಂಗಸು, ಬೂಟಿನ ತುಂಬ ಕೆಸರು. ಪಾದ್ರಿಬಾಯಿ ಎಂದು ಮನಸ್ಸಿನಲ್ಲೇ ಹೆಸರಿಟ್ಟುಕೊಂಡೆ. ನನ್ನ ಕೊರಳಿನ ಲಿಂಗದ ಕರಡಿಗೆಯನ್ನು ನೋಡಿ, ಇದರಲ್ಲಿ ಏನಿದೆ ಎಂದು ಒಂದು ಹುಡುಗಿ ಕೇಳಿದಳು. ನಮ್ಮ ದೇವರು ಎಂದೆ. ಅವನಿಗೆ ಒಳಗೆ ಉಸಿರು ಕಟ್ಟುವುದಿಲ್ಲವೇ ಎಂದಳು. ಪಾದ್ರಿಬಾಯಿ ನನಗಿಂತ ಜೋರಾಗಿ ನಕ್ಕರು.

ಹಾಡು ಮುಗಿದ ಮೇಲೆ ಸುದ್ದಿಯ ಹೊತ್ತು. ಯಾರಿಗೆ ಏನಾಗಿದೆಯೋ ಅವರು ಎದ್ದು ನಿಂತು ಹೇಳುತ್ತಾರೆ. ಒಬ್ಬಳ ಮುಂದಿನ ಹಲ್ಲು ಬಿದ್ದಿತ್ತು. ಒಬ್ಬನ ಅಜ್ಜನಿಗೆ ಎದೆಯ ಆಪರೇಶನ್ ಇತ್ತು. ಇನ್ನೊಬ್ಬರ ನಾಯಿ ಮರಿ ಹಾಕಿ, ಅದರಲ್ಲಿ ಒಂದು ಸತ್ತಿತ್ತು. ಒಂದೊಂದು ಸುದ್ದಿ ಮುಗಿದಾಗಲೂ ಎಲ್ಲರೂ ಕೂಡಿ, "ದೇವರೇ, ನಮ್ಮ ಮಾತು ಕೇಳು" ಎನ್ನುತ್ತಾರೆ. ಹಲ್ಲಿಗೂ ಅಷ್ಟೇ ದನಿ, ಎದೆಗೂ ಅಷ್ಟೇ ದನಿ. ಆಮೇಲೆ ಆ ಅಜ್ಜನ ಮನೆಗೂ ನೀಲಿ ಡಬ್ಬಿ ಹೋಗುತ್ತದೆ, ಅವನ ಅಂಗಳದ ಹಿಮ ಯಾರೋ ತೆಗೆದಿರುತ್ತಾರೆ. ದುಡ್ಡಿಲ್ಲದ ಸಣ್ಣ ಶಾಲೆ ಹೀಗೆ ನಿಂತಿದೆ ಎಂದರು ಕ್ಯಾರಲ್‌ಬಾಯಿ. ನನಗೆ ಈ ಪದ್ಧತಿ ಮನಸ್ಸಿಗೆ ಹತ್ತಿತು. ನಮ್ಮ ಶಾಲೆಯಲ್ಲೂ ಶುರು ಮಾಡಬೇಕೆಂದು ಅಲ್ಲೇ ನಿಶ್ಚಯಿಸಿದೆ. ನಮ್ಮಲ್ಲಿ ಶುರು ಮಾಡಿದರೆ ಮಧ್ಯಾಹ್ನದ ತನಕ ಮುಗಿಯಲಿಕ್ಕಿಲ್ಲ, ಅದು ಬೇರೆ ಮಾತು.

ರಸ್ತೆಯ ತಿರುವು

ಕ್ಯಾರಲ್‌ಬಾಯಿಯ ಪಕ್ಕದ ಮನೆ ರೂತ್‌ಬಾಯಿಯದು. ಎರಡನೆಯ ಇಯತ್ತೆಗೆ ಕಲಿಸುತ್ತಾರೆ. ತಲೆ ಬೆಳ್ಳಗಾಗಿದೆ, ಆದರೂ ಮಕ್ಕಳ ಜೊತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುತ್ತಾರೆ. ಅವರ ಪಾಠ ನೋಡುತ್ತ ಕುಳಿತರೆ ನನಗೆ ಊಟದ ಗಂಟೆಯೂ ಕೇಳುತ್ತಿರಲಿಲ್ಲ.

ಒಂದು ಮುಂಜಾನೆ ತಿರುಗಾಡಲು ಹೊರಟಾಗ ಅವರ ಗಂಡ ವಾಲ್ಟರ್ ಶಾಲೆಯ ಕಡೆ ಹೋಗುವ ರಸ್ತೆಯ ತಿರುವಿನಲ್ಲಿ ನಿಂತದ್ದು ಕಂಡಿತು. ರಾತ್ರಿಯ ಪಾಯಜಾಮದ ಮೇಲೆ ಉದ್ದನೆಯ ಕೋಟು, ಬರಿಗಾಲಿಗೆ ಚಪ್ಪಲಿ. ಕಾಲ ಕೆಳಗೆ ಹಿಮ. ದೊಡ್ಡ ದೊಡ್ಡ ಕಟ್ಟಿಗೆಯ ಲಾರಿಗಳು ಬರುವ ತಿರುವು ಅದು. ನಾನು ಮಾತಾಡಿಸಿದೆ. ದೊಡ್ಡ ಮನುಷ್ಯರ ಹಾಗೆ ಕೈ ಕುಲುಕಿ ಕೇಳಿದರು:

"ಯಾವೂರಿನವ್ರು ನೀವು?"

"ಉಮರ್ಗಾ ಅಂತರೀ, ಇಂಡಿಯಾದಾಗ."

"ಅಲ್ಲಿ ಥಂಡಿ ಭಾಳದೇನು?"

ಇಲ್ಲ ಎಂದೆ. ಮತ್ತೆ ಕೈ ಕುಲುಕಿದರು. "ಯಾವೂರಿನವ್ರು ನೀವು?"

ಅಷ್ಟರಲ್ಲಿ ರೂತ್‌ಬಾಯಿ ಓಡುತ್ತ ಬಂದರು. ಕೋಟಿನ ಗುಂಡಿ ಒಂದಕ್ಕೊಂದು ತಪ್ಪಿತ್ತು. "ರಾತ್ರಿ ನಿದ್ದಿ ಆಗಿಲ್ಲ ಅವರಿಗಿ," ಎಂದರು, ನನ್ನ ಮುಖ ನೋಡದೆ. ರಸ್ತೆಯ ಆಚೆ ಪಾದ್ರಿಬಾಯಿ ನಾಯಿ ತಿರುಗಿಸುತ್ತಿದ್ದರು. ನನಗೆ ಕೈಬೀಸಿ ಮುಂದೆ ಹೋದರು.

ನಿದ್ದೆಯ ಮಾತಲ್ಲ ಇದು ಎಂದು ನನಗೆ ತಿಳಿಯದೆ ಇರುತ್ತದೆಯೇ? ದೇವಣಿಯಲ್ಲಿ ನಮ್ಮ ಮಾವನವರಿಗೆ ಇದೇ ಆಗಿತ್ತು. ಎತ್ತಿನ ಸುಳಿ ನೋಡಿ ಗುಣ ಹೇಳುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಕಡೆಗೆ ತಮ್ಮ ಮನೆಯ ಬಾಗಿಲೇ ಗುರುತು ಸಿಗದಾಯಿತು. ಆದರೆ ಊರಿಗೆಲ್ಲ ಗೊತ್ತಿತ್ತು. ಸಂತೆಯಲ್ಲಿ ಕಂಡವರು ಚಹಾ ಕುಡಿಸಿ ಕರೆತರುತ್ತಿದ್ದರು. ಒಮ್ಮೆ ನಿಲಂಗಾ ಬಸ್ಸು ಹತ್ತಿಬಿಟ್ಟಿದ್ದರು, ಕಂಡಕ್ಟರ್ ತಿರುಗಿ ಬರುವಾಗ ಅದೇ ಬಸ್ಸಿನಲ್ಲಿ ಕೂಡಿಸಿಕೊಂಡು ಬಂದ. ಅತ್ತೆ ಯಾರ ಮುಂದೂ ಬಾಯಿ ಬಿಡಬೇಕಾಗಲಿಲ್ಲ.

ಮನೆಗೆ ಬಂದು ಕ್ಯಾರಲ್‌ಬಾಯಿಯನ್ನು ಕೇಳಿದೆ. "ರೂತ್‌ಬಾಯಿ ಮಾಲಕರಿಗಿ, ವಾಲ್ಟರ್ ಅವರಿಗಿ, ಆರಾಮ ಇಲ್ಲೇನ್ರಿ?"

ಅವರು ಕಾಫಿಯಲ್ಲಿ ಚಮಚ ತಿರುಗಿಸುತ್ತ, "ರೂತ್ ಏನೂ ಹೇಳಿಲ್ಲ," ಎಂದರು.

ಓಹೋ, ಇವರಿಗೆ ಗೊತ್ತೇ ಇಲ್ಲ ಎಂದುಕೊಂಡೆ. ನಮ್ಮಲ್ಲಿ ಹೇಳಿಲ್ಲ ಎಂದರೆ ಗೊತ್ತಿಲ್ಲ ಎಂದೇ ಅರ್ಥ. ಆ ವಾರ ವಾಲ್ಟರ್ ಮತ್ತೆ ಮತ್ತೆ ಆ ತಿರುವಿನಲ್ಲಿ ಕಂಡರು. ಒಂದು ದಿನ ಲಾರಿಯೊಂದು ಕಿರುಚಿಕೊಂಡು ಬದಿಗೆ ಸರಿದು ಹೋಯಿತು. ಇಷ್ಟೊಳ್ಳೆಯ ಜನ, ಹಲ್ಲು ಬಿದ್ದರೂ ಪ್ರಾರ್ಥನೆ ಮಾಡುವ ಜನ, ಒಂದು ಮಾತು ಗೊತ್ತಾದರೆ ಈ ಮನುಷ್ಯನನ್ನು ಉಳಿಸಿಕೊಳ್ಳುವುದಿಲ್ಲವೇ? ಯಾರಾದರೂ ಹೇಳಬೇಕಷ್ಟೆ.

ಬುಧವಾರ

ನಮ್ಮಲ್ಲಿ ತಾಪತ್ರಯದಲ್ಲಿ ಇರುವವರು ತಾವೇ ಹೋಗಿ ಹೇಳಿಕೊಳ್ಳುವುದಿಲ್ಲ. ಸಾವಿನ ಸುದ್ದಿಗೂ ಬೇರೆಯವರೇ ಹೋಗುತ್ತಾರೆ. ಮನೆಯವರ ಬಾಯಿಂದ ಹೇಳಿಸುವುದು ಅವರಿಗೆ ಮಾಡುವ ಅನ್ಯಾಯ. ಪಕ್ಕದವರು ಬಾಯಿಯಾಗಬೇಕು. ಇದನ್ನು ಯಾರೂ ನನಗೆ ಕಲಿಸಿದ್ದಲ್ಲ, ಹಾಲಿನ ಜೊತೆ ಬಂದದ್ದು.

ಬುಧವಾರ ಸುದ್ದಿಯ ಹೊತ್ತಿನಲ್ಲಿ ನಾನು ಎದ್ದು ನಿಂತೆ. ಅತಿಥಿ ಎದ್ದಳೆಂದು ಮಕ್ಕಳೆಲ್ಲ ತಿರುಗಿದರು. ರೂತ್‌ಬಾಯಿಯ ಕಡೆ ನೋಡಿದೆ. ಅವರು ತಲೆ ತಗ್ಗಿಸಿದರು. ನಮ್ಮ ಹೆಂಗಸರು ಹೀಗೆ ತಲೆ ತಗ್ಗಿಸಿದರೆ, ನೀನೇ ಹೇಳವ್ವ ಎಂದು ಅರ್ಥ.

"ರೂತ್‌ಬಾಯಿಯ ಮಾಲಕರು ವಾಲ್ಟರ್ ಅವರಿಗಿ ನೆನಪು ಹೋಗ್ಯಾದ. ಮುಂಜಾನಿ ದಾರಿ ತಪ್ಪಿ ತಿರುಗತಾರ. ಯಾರಿಗಿ ಕಂಡ್ರೂ ಮನಿಗಿ ತಂದು ಬಿಡ್ರಿ. ಅವರ ಸಲುವಾಗಿ ಎಲ್ಲಾರೂ ಬೇಡ್ಕೋರಿ."

ಎಲ್ಲರೂ ಕೂಡಿ ಹೇಳುವ ಆ ಮಾತು ಬರಲಿಲ್ಲ. ಒಂದೇ ಒಂದು ಮಗುವಿನ ದನಿ, "ದೇವರೇ," ಎಂದು ಶುರು ಮಾಡಿ, ತಾನೊಂದೇ ಎಂದು ತಿಳಿದು ನಿಂತುಹೋಯಿತು. ರೂತ್‌ಬಾಯಿ ಎದ್ದರು. ತಮ್ಮ ಮಕ್ಕಳನ್ನು ಸಾಲು ಮಾಡಿಸಿದರು. ಬೆನ್ನು ನೆಟ್ಟಗೆ ಇಟ್ಟುಕೊಂಡು ಸಾಲಿನ ಮುಂದೆ ನಡೆದು ಹೊರಗೆ ಹೋದರು.

ಕ್ಯಾರಲ್‌ಬಾಯಿ ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ನಮಗೆಲ್ಲಾರಿಗಿ ಗೊತ್ತದ, ಮಹಾನಂದಾಬಾಯಿ. ಥಂಡಿಕಾಲಕ್ಕಿಂತ ಮೊದಲೇ ಗೊತ್ತದ."

"ಗೊತ್ತಿದ್ದೂ ಸುಮ್ಮ ಕುಂತೀರೇನ್ರಿ?" ನನ್ನ ದನಿ ಏರಿತು.

"ಸುಮ್ಮ ಯಾರ್ ಕುಂತಾರ? ಪಾದ್ರಿಬಾಯಿ ಮನಿ ನದಿ ಆಚೀಗದ. ನಾಯಿ ತಿರುಗ್ಸಲಾಕ ದಿನಾ ನಮ್ಮ ರಸ್ತೆಗೇ ಯಾಕ ಬರ್ತಾರ? ಟಪಾಲಿನಂವಾ ಆ ತಿರುವಿನಾಗೇ ಗಾಡಿ ನಿಲ್ಲಿಸಿ ಯಾಕ ಚಹಾ ಕುಡೀತಾನ? ನಾ ಮುಂಜಾನಿ ಕಿಟಕಿ ಕಡೀ ಮಾರಿ ಮಾಡೇ ಯಾಕ ಕೂಡ್ತೀನಿ?"

ಅದನ್ನೆಲ್ಲ ನಾನು ದಿನಾ ನೋಡಿದ್ದೆ.

"ಮತ್ತ ಆಕಿ ಮುಂದ ಯಾಕ ಒಂದ್ ಮಾತ ಅನ್ನಲಿಲ್ಲ ನೀವು?"

"ಆಕಿ ಹೇಳೂತನಕ ನಮಗ ಗೊತ್ತಿಲ್ಲ. ಅದು ಆಕಿ ಸುದ್ದಿ. ಹೇಳಿದ್ರ ಶಾಳಾ ಬಿಟ್ಟು ಮನ್ಯಾಗ ಕೂಡಬೇಕಾಗ್ತದಂತ ಆಕಿಗಿ ಅಂಜಿಕಿ. ಈ ಮಕ್ಕಳನ್ನ ಬಿಟ್ರ ಆಕಿಗಿ ಮತ್ತೇನದ? ಅದಕ್ಕ ನಾವೆಲ್ಲ ಕಾಯಲತ್ತಿದ್ವಿ."

ಕ್ಯಾರಲ್‌ಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೇವಣಿಗೆ ಫೋನು

ಯಜಮಾನರು ರಾಶಿಗೆಂದು ದೇವಣಿಗೆ ಹೋಗಿದ್ದರು. ಫೋನು ಮಾಡಿ ಎಲ್ಲ ಹೇಳಿದೆ. ಅವರು ಫೋನನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆಗೆ ಮತ್ತೆ ಮೊದಲಿನಿಂದ ಹೇಳಿದೆ. ಅವರು ನನ್ನ ಪಕ್ಷ ಹಿಡಿಯುತ್ತಾರೆಂದು ನನಗೆ ಖಾತ್ರಿಯಿತ್ತು.

"ನಿಮ್ಮ ಮಾವಗ ಊರೇ ಕಾದದ, ಇಲ್ಲನ್ನಲ್ಲ," ಎಂದರು ಅತ್ತೆ. "ಆದ್ರ ನಾ ಗಿರಣಿಗಿ ಹೋದ್ರ ಹೆಂಗಸ್ರು ಮಾತ ನಿಲ್ಲಸ್ತಿದ್ರು. ನಾ ಬಾಯಿ ತೆಗಿಯೂಕಿಂತ ಮೊದಲ ನನ್ನ ಮಾತ ಎಲ್ಲಾರ ಬಾಯಾಗ ಇರ್ತಿತ್ತು. ನನಗ ಹೇಳ್ಕೊಳ್ಲಾಕ ಏನ್ ಉಳದಿತ್ತ?"

"ನೀವು ಒಂದ್ ದಿನಾನೂ ಹಿಂಗಂದಿಲ್ಲರೀ ಅತ್ತಿ."

"ಯಾರ್ ಕೇಳ್ಯಾರ?"

ಆ ವರ್ಷಗಳಲ್ಲಿ ನಾನೂ ಅದೇ ಮನೆಯಲ್ಲಿದ್ದೆ, ಅವರ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದೆ. ಆಮೇಲೆ ಅವರೇ ಮಾತಾಡಿದರು.

"ಹೋಗಿ ಆ ಬಾಯಿ ಮುಂದ ಕೂಡು. ಬಾಯಿ ಮುಚ್ಕೊಂಡ ಕೂಡು. ನಿನ್ನ ಕೈಲಿಂದ ಆಗ್ತದೋ ಇಲ್ಲೋ, ದೇವರಿಗೇ ಗೊತ್ತ."

ರೂತ್‌ಬಾಯಿಯ ಬಾಗಿಲು

ಗುರುವಾರ ರೂತ್‌ಬಾಯಿ ಶಾಲೆಗೆ ಬರಲಿಲ್ಲ. ಮಕ್ಕಳು ಅವರ ಕುರ್ಚಿಯನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು. ಇನ್ನು ಅವರು ಬರುವುದೇ ಇಲ್ಲವೇನೋ ಎಂದು ಕ್ಯಾರಲ್‌ಬಾಯಿಗೂ ಅಂಜಿಕೆ ಹತ್ತಿತ್ತು. ನನ್ನಿಂದ ಒಂದು ಶಾಲೆಯ ಒಳ್ಳೆಯ ಗುರುಬಾಯಿ ಹೋದಳಲ್ಲ ಎಂಬ ಸಂಕಟ ಇಡೀ ದಿನ ಬಿಡಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಬಾಗಿಲ ಮುಂದೆ ನೀಲಿ ಡಬ್ಬಿ ಆಗಲೇ ಬಂದಿತ್ತು, ಮುಚ್ಚಳ ಕೂಡದಷ್ಟು ತುಂಬಿತ್ತು. ಗಂಟೆ ಒತ್ತಲೋ ಬೇಡವೋ ಎಂದು ನಿಂತೆ. ಕಡೆಗೆ ಒತ್ತಿದೆ. ರೂತ್‌ಬಾಯಿ ಬಾಗಿಲು ತೆಗೆದರು. ಬಾ ಎನ್ನಲಿಲ್ಲ, ಬಾಗಿಲು ಮುಚ್ಚಲೂ ಇಲ್ಲ. ಒಳಗೆ ಹೋಗಿ ಕುಳಿತೆ. ವಾಲ್ಟರ್ ಎದ್ದು ಬಂದು ಕೈ ಕುಲುಕಿ, ನಿಮ್ಮೂರಲ್ಲಿ ಥಂಡಿ ಇದೆಯೇ ಎಂದರು. ಇಲ್ಲ ಎಂದೆ. ಅಷ್ಟೇ ನಾನು ಆಡಿದ ಮಾತು. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ನಾನು ಸುಮ್ಮನೆ ಕುಳಿತದ್ದಿಲ್ಲ.

ಹೊರಗೆ ಪೂರಾ ಕತ್ತಲಾದ ಮೇಲೆ ರೂತ್‌ಬಾಯಿ ಮಾತಾಡಿದರು.

"ಆ ಮಾತ ಚರ್ಚಿನಾಗ ನಾನೇ ಹೇಳಬೇಕಂತ ರೂಢಿ ಮಾಡ್ಕೊಳ್ಲತ್ತಿದ್ದೆ. ಕನ್ನಡಿ ಮುಂದ ನಿಂತು. ಮೂರ್ನಾಕು ಶಬ್ದ ಆದಮ್ಯಾಲ ಅಲ್ಲೇ ನಿಲ್ತಿದ್ದೆ. ಮರುದಿನ ಮತ್ತ ಮೊದಲಿಂದ. ನೀವು ಎದ್ದು ನಿಂತು ಒಂದೇ ಉಸಿರಿನಾಗ ಹೇಳಿ ಕುಂತ್ರಿ."

"ತಪ್ಪಾತ್ರಿ," ಎಂದೆ.

"ನನ್ನ ಸಿಟ್ಟ ಇನ್ನಾ ಹೋಗಿಲ್ಲ."

"ಇರ್ಲಿರಿ."

ಅವರು ನನ್ನನ್ನೇ ನೋಡಿದರು. "ಇಷ್ಟೆಲ್ಲ ಹೇಳಿದ್ರಿ. ಅಂವಾ ದಾರಿ ತಪ್ಯಾನಂತ ನಿಮಗ್ಯಾರ್ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಮ್ಮ ಮಾವನವರು ತಪ್ಪುತ್ತಿದ್ದರು, ಆದ್ದರಿಂದ ಇವರೂ ತಪ್ಪಿದ್ದಾರೆ ಎಂದು ನಾನೇ ಸೇರಿಸಿಕೊಂಡಿದ್ದೆ.

ಶುಕ್ರವಾರ

ಮುಂಜಾನೆ ಚರ್ಚಿನಲ್ಲಿ ಎರಡನೆಯ ಇಯತ್ತೆಯ ಮಕ್ಕಳ ಜೊತೆ ರೂತ್‌ಬಾಯಿ ಕುಳಿತಿದ್ದರು. ನಾನು ಹಿಂದಿನ ಸಾಲಿನಲ್ಲಿ, ಗೋಡೆಗೆ ಅಂಟಿಕೊಂಡು. ಹಾಡು ಮುಗಿಯಿತು. ಸುದ್ದಿ ಇದ್ದವರು ಹೇಳಿ ಎಂದರು ಪಾದ್ರಿಬಾಯಿ. ದಿನಾ ಜಿಗಿದೇಳುವ ಮಕ್ಕಳು ಒಬ್ಬರೂ ಏಳಲಿಲ್ಲ. ರೂತ್‌ಬಾಯಿ ಮುಂದಿನ ಬೆಂಚು ಹಿಡಿದು ಎದ್ದರು.

"ನಂದೊಂದು ಸುದ್ದಿ ಅದ," ಎಂದರು. "ನನ್ನ ಗಂಡ ವಾಲ್ಟರ್." ಅಲ್ಲಿಗೆ ನಿಂತರು. ಯಾರೂ ಆ ಮಾತನ್ನು ಮುಗಿಸಿಕೊಡಲು ಹೋಗಲಿಲ್ಲ. "ವಾಲ್ಟರ್‌ಗ ನೆನಪು ಹೊಂಟದ. ಎಷ್ಟೋ ದಿನ ನನ್ನ ಹೆಸರೂ ಇರೂದಿಲ್ಲ. ಆದ್ರ ಅಂವಾ ದಾರಿ ತಪ್ಪಿ ತಿರುಗೂದಿಲ್ಲ. ನಮ್ಮ ಲಗ್ನಾದ ಹೊಸದಾಗ, ಶಾಳಾ ಬಿಡೂ ಹೊತ್ತಿಗಿ ನನ್ನ ಕರಕೊಂಡು ಹೋಗ್ಲಾಕ ಆ ತಿರುವಿನಾಗೇ ಬಂದು ನಿಲ್ತಿದ್ದ. ಈಗೂ ಅದಕ್ಕೇ ಬರ್ತಾನ. ಮುಂಜಾನಿ ಯಾವದು, ಸಂಜಿ ಯಾವದು, ಅದಷ್ಟೇ ಅಂವಗ ತಿಳೀವಲ್ಲದು."

ಪಾದ್ರಿಬಾಯಿ ಕಣ್ಣು ಒರೆಸಿಕೊಂಡರು. ಕ್ಯಾರಲ್‌ಬಾಯಿ ನೆಲ ನೋಡುತ್ತಿದ್ದರು.

"ನಾ ಶಾಳಾ ಬಿಡೂದಿಲ್ಲ," ಎಂದರು ರೂತ್‌ಬಾಯಿ. "ಅದಕ್ಕ ನನಗ ನಿಮ್ಮ ಮದತ್ ಬೇಕು. ಮುಂಜಾನಿ ಯಾರಾರ ಅಂವನ ಜೋಡಿ ಮನ್ಯಾಗ ಕೂಡ್ರಿ. ಮತ್ತ ಶಾಳಾ ಬಿಡೂ ಹೊತ್ತಿಗಿ ಅಂವನ ಆ ತಿರುವಿಗಿ ಕರಕೊಂಡು ಬರ್ರಿ. ಬರ್ಲಿ ಅಂವಾ."

ಎಲ್ಲರಿಗೂ ಮೊದಲೇ ಗೊತ್ತಿದ್ದ ಸುದ್ದಿ. ಆದರೂ ಆ ಇಡೀ ಚರ್ಚಿನಲ್ಲಿ ಒಂದು ಸಣ್ಣ ಮಗುವೂ ನಮಗೆ ಗೊತ್ತು ಎನ್ನಲಿಲ್ಲ. ಈಗಲೇ ಮೊದಲು ಕೇಳುತ್ತಿದ್ದೇವೆ ಎನ್ನುವ ಹಾಗೆ ಕೇಳಿದರು. ನನಗಂತೂ ಅದು ಹೊಸ ಸುದ್ದಿಯೇ. "ದೇವರೇ, ನಮ್ಮ ಮಾತು ಕೇಳು" ಎಂದು ಎಲ್ಲರೂ ಕೂಡಿ ಎಂದಾಗ ನಾನು ಕರಡಿಗೆ ಹಿಡಿದುಕೊಂಡು ಅತ್ತುಬಿಟ್ಟೆ. ನನಗೆ ನಾಚಿಕೆಯೂ ಇತ್ತು, ಸಂತೋಷವೂ ಇತ್ತು, ಯಾವುದಕ್ಕೆ ಅತ್ತೆನೋ ಹೇಳಲಾರೆ.

ಮಧ್ಯಾಹ್ನ ಶಾಲೆ ಬಿಟ್ಟಾಗ ತಾಯಂದಿರು ರೂತ್‌ಬಾಯಿಯನ್ನು ಸುತ್ತುಗಟ್ಟಿದರು. ಮುಂಜಾನೆಯ ಪಾಳಿ ಅಲ್ಲೇ ಹಂಚಿಹೋಯಿತು. ನಾನು ಇರುವಷ್ಟು ದಿನ ನನಗೂ ಒಂದು ಪಾಳಿ ಇರಲಿ ಎಂದೆ. ರೂತ್‌ಬಾಯಿ ನನ್ನ ಕಡೆ ನೋಡಿ, ಸರಿ ಎಂದು ತಲೆಯಾಡಿಸಿದರು, ನಗಲಿಲ್ಲ. ಅವರು ಗೇಟಿನ ಹೊರಗೆ ಬರುವಷ್ಟರಲ್ಲಿ ಬಿಸಿಲು ಇಳಿಯುತ್ತ ಬಂದಿತ್ತು.

ತಿರುವಿನಲ್ಲಿ ವಾಲ್ಟರ್ ನಿಂತಿದ್ದರು. ಪಾದ್ರಿಬಾಯಿ ಅವರ ಕಾಲಿಗೆ ಬೂಟು ಹಾಕಿಸಿ, ತಲೆ ಬಾಚಿಸಿ ಕರೆತಂದು, ತಾವು ನಾಯಿಯ ಜೊತೆ ದೂರ ಸರಿದು ನಿಂತಿದ್ದರು. ಹೆಂಡತಿಯನ್ನು ಕಂಡು ವಾಲ್ಟರ್ ಎರಡು ಹೆಜ್ಜೆ ಮುಂದೆ ಬಂದು, ಅವರ ಕೈಚೀಲ ಇಸಿದುಕೊಂಡರು.

"ಇವತ್ತ ಯಾಕ ಇಷ್ಟ ತಡಾ ಮಾಡ್ದಿ?"

"ಒಂದ್ ಸುದ್ದಿ ಹೇಳೂದಿತ್ತರೀ," ಎಂದರು ರೂತ್‌ಬಾಯಿ. "ಹೇಳಿ ಬಂದೆ."